ರಣಭೂಮಿ ನೋಡಲು ಬಾಡಿಗೆ ಕಾರು ಬೇಡ

ಶನಿವಾರ, ಭಾನುವಾರ ಬಂತೆಂದರೆ ನಮ್ಮ ಘಟ್ಟದ ರಸ್ತೆಗಳಲ್ಲಿ ಬಯಲಿನ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಅವುಗಳ ಹೊಗೆ, ಹಾರನ್ನು, ರಸ್ತೆಯಂಚಿಗೆ ಎಸೆದ ಪ್ಲಾಸ್ಟಿಕ್ಕು ಇವುಗಳ ಬಗ್ಗೆ ಈ ಪತ್ರಿಕೆಯಲ್ಲಿ ನಾವು ಬರೆಯದ ಸಂಚಿಕೆಯೇ ಇಲ್ಲವೆನ್ನಬಹುದು. ಮುಳ್ಳಯ್ಯನಗಿರಿಗೆ ಹತ್ತುವ ವಾಹನಗಳಿಗೆ 2025ರ ಸೆಪ್ಟೆಂಬರ್‌ನಿಂದ ಮುಂಗಡ ನೋಂದಣಿ ಕಡ್ಡಾಯವಾದಾಗ ನಮ್ಮಲ್ಲಿ ಬಹುಮಂದಿ ಸಂತೋಷಪಟ್ಟರು. ಆದರೆ ನಾವೇ ಘಟ್ಟವಿಳಿದು ಬಯಲಿಗೆ ಪ್ರವಾಸ ಹೊರಟಾಗ ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ಯಾವುದು? ‘ಯಾವ ಗಾಡಿ ಗೊತ್ತುಮಾಡೋಣ?’ ಎಂಬುದೇ.

ಈ ಸಲ ನಮ್ಮ ಭಾಗದ ಎರಡು ಮೂರು ಊರುಗಳ ವಿದ್ಯಾರ್ಥಿಗಳೂ ಒಂದು ಮಹಿಳಾ ಸಂಘದವರೂ ಶ್ರೀರಂಗಪಟ್ಟಣ, ಮಳವಳ್ಳಿ, ಮದ್ದೂರುಗಳ ಕಡೆಗೆ ಹೋಗಿ ಮೈಸೂರು ಯುದ್ಧಗಳ ಸ್ಥಳಗಳನ್ನು ನೋಡಿಬರಲು ಯೋಚಿಸಿದ್ದಾರೆ. ಬಾಡಿಗೆ ಕಾರು ಮಾಡಬೇಕೆ, ಪ್ರವಾಸದ ಬಸ್ಸು ಹಿಡಿಯಬೇಕೆ, ಮಾರ್ಗದರ್ಶಿಯನ್ನು ಹೇಗೆ ಆರಿಸಬೇಕು ಎಂದು ನನ್ನನ್ನು ಕೇಳಿದ್ದಾರೆ. ನಾನು ಇತಿಹಾಸದ ಪಂಡಿತನಲ್ಲ. ಮಣ್ಣು, ಬೆಳೆ, ದನಕರುಗಳ ಶಾಸ್ತ್ರ ಓದಿದವನು. ಆದರೆ ಮಂಡ್ಯದ ವಿ.ಸಿ. ಫಾರಂ ಕಡೆಗೆ ಕೆಲಸದ ಮೇಲೆ ಹೋದಾಗಲೆಲ್ಲ ಆ ಸ್ಥಳಗಳನ್ನು ರೈಲು, ಬಸ್ಸು ಮತ್ತು ಕಾಲ್ನಡಿಗೆಯಲ್ಲಿ ನೋಡುತ್ತ ಬಂದಿದ್ದೇನೆ. ಕಾರು ಬೇಡವೆಂದು ನಾನು ಹೇಳುವುದು ಇಂಗಾಲದ ಲೆಕ್ಕದಿಂದ ಮಾತ್ರವಲ್ಲ. ಕಾರಿನಲ್ಲಿ ಹೋದವರಿಗೆ ಆ ಯುದ್ಧ ಕಾಣುವುದೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಏಕೆ ಕಾಣುವುದಿಲ್ಲ? ಆ ಯುದ್ಧ ಎತ್ತಿನ ನಡಿಗೆಯಲ್ಲಿ ನಡೆದದ್ದು ಎಂಬುದರಿಂದ.

1791ರ ಮಾತನ್ನು ನೋಡಿ. ಮಾರ್ಚ್ ತಿಂಗಳಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದತ್ತ ಹೊರಟ. ಟಿಪ್ಪುವಿನ ಕಡೆಯವರು ದಾರಿಯುದ್ದಕ್ಕೂ ಹುಲ್ಲು, ಮೇವು, ದವಸವನ್ನು ಸುಟ್ಟು ಬರಿದುಮಾಡಿದ್ದರು. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಕಾರ್ನ್‌ವಾಲಿಸನೇ ಗೆದ್ದ. ಗೆದ್ದೂ ಮುಂದುವರಿಯಲಾರದೆ ಹೋದ. ನದಿ ಏರಿತ್ತು, ದಾಟುವ ಜಾಗ ಹುಡುಕುತ್ತ ಆತ ಕನ್ನಂಬಾಡಿಯವರೆಗೆ ಹೋದ. ಅಷ್ಟರಲ್ಲಿ ಎತ್ತುಗಳು ಹಸಿವಿನಿಂದಲೂ ಜಾಡ್ಯದಿಂದಲೂ ಸಾಲುಸಾಲಾಗಿ ಸತ್ತಿದ್ದವು. ಕೋಟೆ ಒಡೆಯುವ ದೊಡ್ಡ ತೋಪುಗಳನ್ನು ಮನುಷ್ಯರೇ ಎಳೆಯಬೇಕಾಯಿತು. ಕೊನೆಗೆ ಆ ತೋಪುಗಳನ್ನು ಅಲ್ಲಿಯೇ ನಾಶಮಾಡಿ ಮೇ 26ರಂದು ಹಿಂದಿರುಗಿದ. ಇಂದು ಕೃಷ್ಣರಾಜಸಾಗರದ ಸಂಗೀತ ಕಾರಂಜಿ ನೋಡಲು ಜನ ನೆರೆಯುವುದು ಇದೇ ಕನ್ನಂಬಾಡಿಯ ಮಗ್ಗುಲಲ್ಲಿ. ಒಂದು ಸೈನ್ಯ ಮೇವಿಲ್ಲದೆ ಸೋತ ಜಾಗವಿದು ಎಂದು ಅಲ್ಲಿ ಯಾರೂ ಹೇಳುವುದಿಲ್ಲ.

ದುಡಿಯುವ ಒಂದು ಎತ್ತಿಗೆ ದಿನಕ್ಕೆ ಆರರಿಂದ ಎಂಟು ಕಿಲೋ ಒಣಮೇವು ಬೇಕು. ಹತ್ತು ಸಾವಿರ ಎತ್ತುಗಳೆಂದರೆ ದಿನಕ್ಕೆ ಅರವತ್ತರಿಂದ ಎಂಬತ್ತು ಟನ್ನು. ಆ ಕಾಲದ ದೊಡ್ಡ ದಂಡುಗಳಲ್ಲಿ ಹತ್ತು ಸಾವಿರಕ್ಕಿಂತ ಎಷ್ಟೋ ಪಾಲು ಹೆಚ್ಚು ಎತ್ತುಗಳಿರುತ್ತಿದ್ದವು. ಬಿರುಬೇಸಗೆಯಲ್ಲಿ ಮಂಡ್ಯದ ಬಯಲಿನಲ್ಲಿ ಅಷ್ಟು ಮೇವು ಎಲ್ಲಿಂದ ಬರಬೇಕು? ಬೇಸಗೆಯಲ್ಲಿ ನಾಲ್ಕು ದನ ಕಟ್ಟಿ ಸಾಕಿದವರಿಗೆ ಈ ಲೆಕ್ಕವನ್ನು ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಮೈಸೂರಿನವರ ಬಲವೂ ಇಲ್ಲಿಯೇ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಟಿಪ್ಪುವಿನ ಕಾಲಕ್ಕೆ ‘ಅಮೃತಮಹಲ್’ ಆಯಿತು. ಆ ವೇಗದ ಎತ್ತುಗಳು ಬೆಳೆದದ್ದು ಚಿಕ್ಕಮಗಳೂರು, ಹಾಸನ, ತುಮಕೂರು, ಚಿತ್ರದುರ್ಗಗಳ ಹುಲ್ಲುಗಾವಲುಗಳಲ್ಲಿ. ಅಜ್ಜಂಪುರದ ಕಡೆಯ ಕಾವಲುಗಳನ್ನು ಇಂದು ‘ಪಾಳುಭೂಮಿ’ ಎಂದು ಕರೆದು ಯಾವುದಾದರೊಂದು ಯೋಜನೆಗೆ ಕೊಟ್ಟುಬಿಡೋಣವೆನ್ನುವವರು ಈ ಮಾತನ್ನು ಒಮ್ಮೆ ಕೇಳಿಸಿಕೊಳ್ಳಬೇಕು. ಶ್ರೀರಂಗಪಟ್ಟಣದ ಯುದ್ಧದ ಒಂದು ಪಾಲು ನಡೆದದ್ದು ನಮ್ಮ ಪಕ್ಕದ ಆ ಹುಲ್ಲಿನಲ್ಲಿ.

1799ರಲ್ಲಿ ಹ್ಯಾರಿಸ್ ಈ ಪಾಠವನ್ನು ಕಲಿತೇ ಬಂದಿದ್ದ. ಚನ್ನಪಟ್ಟಣ, ಮದ್ದೂರುಗಳ ಮೇಲಿನ ನೇರ ದಾರಿ ಬಿಟ್ಟು ಕನಕಪುರದ ಮಾರ್ಗ ಹಿಡಿದ, ಶಿಂಷಾ ಹೊಳೆ ದಾಟಿದ, ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪುವಿನ ಸೈನ್ಯವನ್ನು ಎದುರಿಸಿದ. ಟಿಪ್ಪು ಹಿಮ್ಮೆಟ್ಟಿದ. ಆದರೆ ನನ್ನ ದೃಷ್ಟಿಯಲ್ಲಿ ಆ ಯುದ್ಧದ ನಿರ್ಣಾಯಕ ಕ್ಷಣ ಮಳವಳ್ಳಿಯದಲ್ಲ, ಅದರ ಮರುದಿನಗಳದು. ಕಾವೇರಿಯ ಉತ್ತರ ದಂಡೆಯ ನೇರ ದಾರಿಯಲ್ಲಿ ಮೇವು ಸುಟ್ಟುಹೋಗಿತ್ತು. ಹ್ಯಾರಿಸ್ ಥಟ್ಟನೆ ತೆಂಕಣಕ್ಕೆ ತಿರುಗಿ ಸೋಸಲೆಯ ಬಳಿ ನದಿ ದಾಟಿಬಿಟ್ಟ. ಅಲ್ಲಿ ಶತ್ರು ಬರುವನೆಂದು ಯಾರೂ ಎಣಿಸಿರಲಿಲ್ಲ. ಹುಲ್ಲು, ದನ, ದವಸ ಎಲ್ಲವೂ ಹಾಗೆಯೇ ಇದ್ದವು. ಏಪ್ರಿಲ್ 5ಕ್ಕೆ ಆತ ಶ್ರೀರಂಗಪಟ್ಟಣದ ಪಡುವಣ ದಿಕ್ಕಿಗೆ ಬಂದು ಬೀಡುಬಿಟ್ಟ. ಮಳವಳ್ಳಿಯಿಂದ ಬನ್ನೂರಿನ ಮೇಲೆ ಮೈಸೂರಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತರೆ ಈ ತೆಂಕಣ ತಿರುವಿನ ಅಗಲ ಎಷ್ಟೆಂಬುದು ಕಣ್ಣಿಗೆ ಬೀಳುತ್ತದೆ. ಮದ್ದೂರು, ಮಂಡ್ಯಗಳನ್ನು ಪಕ್ಕಕ್ಕೆ ಸರಿಸಿ ಓಡುವ ದಶಪಥ ಹೆದ್ದಾರಿಯಲ್ಲಿ ಹವಾನಿಯಂತ್ರಿತ ಕಾರಿನಲ್ಲಿ ಹೋದವರಿಗೆ ಈ ಊರುಗಳ ಹೆಸರು ಹಸಿರು ಫಲಕದ ಮೇಲೆ ಮಾತ್ರ ಕಂಡೀತು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಮಳವಳ್ಳಿ, ಮದ್ದೂರುಗಳಲ್ಲಿ ನೀವು ಇಂದು ಕಾಣುವ ಕಬ್ಬು, ಬತ್ತದ ಹಸಿರು 1799ರಲ್ಲಿ ಇರಲಿಲ್ಲ. ಕೃಷ್ಣರಾಜಸಾಗರ ಮುಗಿದು, ಇರ್ವಿನ್ ನಾಲೆ (ಈಗಿನ ವಿಶ್ವೇಶ್ವರಯ್ಯ ನಾಲೆ) ಹುಲಿಕೆರೆಯ ಸುರಂಗ ದಾಟಿ ಬಂದದ್ದು 1930ರ ದಶಕದ ಆರಂಭದಲ್ಲಿ. ಮೈಷುಗರ್ ಕಾರ್ಖಾನೆ ಹುಟ್ಟಿದ್ದು 1933ರಲ್ಲಿ. ಅದಕ್ಕೆ ಮುಂಚೆ ಈ ಸೀಮೆ ಹೆಚ್ಚಾಗಿ ರಾಗಿ, ಹುರುಳಿ, ಕುರುಚಲು, ನಡುನಡುವೆ ಕೆರೆಗಳ ನಾಡು. ಯುದ್ಧ ಮುಗಿದ ಮರುವರ್ಷ, 1800ರ ಮೇ ತಿಂಗಳಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಇದೇ ದಾರಿಯಲ್ಲಿ ಮಣ್ಣು, ಬೆಳೆ, ಕೆರೆ, ಜನಗಳ ವಿವರ ಬರೆದುಕೊಳ್ಳುತ್ತ ಶ್ರೀರಂಗಪಟ್ಟಣಕ್ಕೆ ಬಂದ. ಆತ ಗೆದ್ದವರ ನೌಕರ, ಆತನ ಕಣ್ಣೂ ಗೆದ್ದವರ ಕಣ್ಣೇ. ಆದರೂ ರಣರಂಗವನ್ನು ಹೊಲವಾಗಿ ನೋಡಿದ ಮೊದಲಿಗರಲ್ಲಿ ಆತನೊಬ್ಬ. 1807ರಲ್ಲಿ ಅಚ್ಚಾದ ಆತನ ಪ್ರವಾಸ ಕಥನವನ್ನು ಕಾಲೇಜು ವಿದ್ಯಾರ್ಥಿಗಳು ಹೊರಡುವ ಮುನ್ನ ತಿರುವಿಹಾಕಿದರೆ, ನಾಲ್ಕು ಮಾರ್ಗದರ್ಶಿಗಳು ಹೇಳುವುದಕ್ಕಿಂತ ಹೆಚ್ಚು ತಿಳಿದೀತು.

ಇನ್ನು ನದಿಯ ಮಾತು. ಶ್ರೀರಂಗಪಟ್ಟಣಕ್ಕೆ ಹೋಗಿಬಂದ ನಮ್ಮೂರಿನ ಮಕ್ಕಳನ್ನು ‘ಏನು ನೋಡಿದಿರಿ?’ ಎಂದು ಕೇಳಿದರೆ ಸೆರೆಮನೆ, ಗುಂಬಜ್, ದರಿಯಾ ದೌಲತ್ ಎನ್ನುತ್ತಾರೆ. ನದಿ ನೋಡಿದೆವು ಎನ್ನುವವರು ಅಪರೂಪ. ಆದರೆ 1799ರ ಏಪ್ರಿಲ್, ಮೇ ತಿಂಗಳಲ್ಲಿ ಕೋಟೆಯ ಒಳಗಿನವರ ಭರವಸೆಯೂ ಹೊರಗಿನವರ ಭಯವೂ ಒಂದೇ ಆಗಿತ್ತು, ಅದು ಮುಂಗಾರು. ಕೊಡಗಿನಲ್ಲಿ, ಹೇಮಾವತಿಯ ಹುಟ್ಟಿನಲ್ಲಿ, ಲಕ್ಷ್ಮಣತೀರ್ಥದ ತಲೆಯಲ್ಲಿ ಮಳೆ ಹಿಡಿದರೆ ಕಾವೇರಿ ತುಂಬುತ್ತದೆ. ತುಂಬಿದರೆ ದ್ವೀಪಕೋಟೆಯನ್ನು ಯಾರೂ ಮುಟ್ಟಲಾರರು. 1791ರಲ್ಲಿ ಆದದ್ದು ಇದೇ. ಏಪ್ರಿಲ್ ನಡುವಿನ ಹೊತ್ತಿಗೆ ಹ್ಯಾರಿಸ್‌ನ ಬಿಡಾರದಲ್ಲಿ ಅಕ್ಕಿಯ ಕೊರತೆಯೂ ತಲೆದೋರಿತ್ತು. ಆದುದರಿಂದಲೇ ಕೋಟೆಗೋಡೆಯಲ್ಲಿ ಕಂಡಿ ಬಿದ್ದೊಡನೆ, ಮೇ 4ರ ನಡುಹಗಲಿನಲ್ಲಿ, ಸುಡುಬಿಸಿಲಿನಲ್ಲಿ ಅವರು ಬಂಡೆಗಳ ನಡುವಿನ ತೆಳುನೀರನ್ನು ದಾಟಿ ನುಗ್ಗಿದರು. ಮುಂದೆ ನಿಂತವನು ಡೇವಿಡ್ ಬೇರ್ಡ್. 1780ರ ಪೊಳ್ಳಿಲೂರು ಕಾಳಗದಲ್ಲಿ ಸೆರೆಸಿಕ್ಕಿ ಇದೇ ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಬಂದಿಯಾಗಿದ್ದವನು. ಅಂದು ಸಂಜೆಯೊಳಗೆ ಎಲ್ಲವೂ ಮುಗಿದಿತ್ತು. ಘಟ್ಟದ ಮಳೆ ಅಂದು ಕೋಟೆಯ ಕೈಹಿಡಿಯಲಿಲ್ಲ.

ಇದನ್ನು ತಿಳಿಯಲು ನದಿಯ ದಂಡೆಯಲ್ಲಿ, ಕೋಟೆಯ ಪಡುವಣ ಮೂಲೆಯಲ್ಲಿ ನಿಲ್ಲಬೇಕು. ಅಲ್ಲಿ ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ ಸ್ಮಾರಕಸ್ತಂಭವಿದೆ. ಅದರ ಬುಡದಿಂದ ನದಿಯತ್ತ ನೋಡಿದರೆ ಕಂದಕ, ಗೋಡೆ, ಬಂಡೆ, ನೀರು, ಆಚೆಯ ದಂಡೆ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಅರ್ಧ ಗಂಟೆ ಅಲ್ಲಿ ಕುಳಿತರೆ ಸಾಕು. ಆದರೆ ಬಾಡಿಗೆ ಕಾರುಗಳ ಪ್ರವಾಸದಲ್ಲಿ ಇದು ಸಾಮಾನ್ಯವಾಗಿ ಸೇರಿರುವುದಿಲ್ಲ. ಚಾಲಕನಿಗೆ ಗೊತ್ತಿರುವುದು ಕಾರು ನಿಲ್ಲಿಸಲು ಅನುಕೂಲವಿರುವ ನಾಲ್ಕೈದು ಜಾಗ. ಅವನನ್ನು ದೂಷಿಸಿ ಫಲವಿಲ್ಲ. ಸಂಜೆಯೊಳಗೆ ಮೈಸೂರು ಅರಮನೆ, ಚಾಮುಂಡಿಬೆಟ್ಟ, ಬೃಂದಾವನ ಎಲ್ಲವನ್ನೂ ಮುಗಿಸಬೇಕೆಂದು ಒಪ್ಪಂದ ಮಾಡಿಕೊಂಡವರು ನಾವೇ. ಬೆಂಗಳೂರಿನಿಂದ ಹೊರಡುವ ಒಂದು ದಿನದ ಪ್ರವಾಸದ ಬಸ್ಸುಗಳ ಸ್ಥಿತಿಯೂ ಹೆಚ್ಚುಕಡಿಮೆ ಹೀಗೆಯೇ. ಬಸ್ಸೆಂಬ ಕಾರಣಕ್ಕೆ ನಾನು ಅವುಗಳನ್ನು ಹೊಗಳಲಾರೆ. ಶ್ರೀರಂಗಪಟ್ಟಣಕ್ಕೆ ಎಷ್ಟು ಹೊತ್ತು ಕೊಡುತ್ತೀರಿ ಎಂದು ಮೊದಲೇ ಕೇಳಿ. ಉತ್ತರ ಅರ್ಧ ದಿನಕ್ಕಿಂತ ಕಡಿಮೆಯಾದರೆ ಆ ಪ್ರವಾಸ ಯುದ್ಧಭೂಮಿಯ ಪ್ರವಾಸವಲ್ಲ.

ಹಾಗಾದರೆ ಮಾರ್ಗದರ್ಶಿಯನ್ನು ಹೇಗೆ ಆರಿಸಬೇಕು? ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇದೆಯೆ, ಕನ್ನಡದಲ್ಲಿ ಹೇಳುವರೆ, ಎಷ್ಟು ಹೊತ್ತಿಗೆ ಎಷ್ಟು ಹಣ ಎಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು. ಇದು ಎಲ್ಲರೂ ಹೇಳುವ ಮಾತು. ನಾನು ಹೇಳಬೇಕಾದ್ದು ಬೇರೆ: ಹಣ ಗೊತ್ತುಮಾಡುವ ಮುನ್ನ ಮೂರು ಪ್ರಶ್ನೆ ಕೇಳಿ.

ಮೊದಲನೆಯದು, ‘ಎಲ್ಲಿಂದ ಶುರು ಮಾಡುತ್ತೀರಿ? ನಡೆಯುತ್ತೀರಾ?’ ಎಂಬುದು. ಬೇಲಿಯ ಸೆರೆಮನೆಯಿಂದ ಶುರುಮಾಡಿ, ಕತ್ತಲೆಯ ಕಮಾನುಗಳಲ್ಲಿ ಕೈದಿಗಳನ್ನು ಹೇಗೆ ಹಿಂಸಿಸಿದರೆಂದು ಮೈನವಿರೇಳುವಂತೆ ಹೇಳುವುದೇ ಅವರ ಬಂಡವಾಳವಾದರೆ ಸೌಜನ್ಯದಿಂದ ಕೈಮುಗಿದು ಮುಂದೆ ಹೋಗಿ. ಕರ್ನಲ್ ಬೇಲಿ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕಿ 1782ರಲ್ಲಿ ಇಲ್ಲಿಯೇ ಸತ್ತದ್ದು ನಿಜ. ಆದರೆ ಕಥೆ ಅಷ್ಟಕ್ಕೇ ನಿಂತರೆ ಮಕ್ಕಳು ಮನೆಗೆ ತರುವುದು ಭಯವನ್ನು ಮಾತ್ರ.

ಎರಡನೆಯದು ಸ್ವಲ್ಪ ಕಠಿಣ. ‘ಟಿಪ್ಪುವನ್ನು ಕೊಂದವರು ಯಾರು?’ ಎಂದು ಕೇಳಿ. ಜಲದ್ವಾರದ ಬಳಿಯ ಹೋರಾಟದಲ್ಲಿ ಆತ ಬಿದ್ದ, ಕೊಂದ ಸೈನಿಕ ಯಾರೆಂದು ಗುರುತಾಗಲಿಲ್ಲ, ರಾತ್ರಿ ಹೆಣಗಳ ರಾಶಿಯ ನಡುವೆ ದೇಹ ಸಿಕ್ಕಿತು ಎಂಬುದು ಆ ಕಾಲದ ದಾಖಲೆಗಳಿಂದ ತಿಳಿಯುವ ಸಂಗತಿ. 2023ರ ಮಾರ್ಚ್‌ನಲ್ಲಿ ಮಂಡ್ಯದಲ್ಲಿ ಉರಿಗೌಡ, ನಂಜೇಗೌಡರ ಹೆಸರಿನ ಕಮಾನು ಎದ್ದದ್ದು, ವಿವಾದವಾಗಿ ಆ ಹೆಸರು ಮರೆಯಾದದ್ದು ನಿಮಗೆ ನೆನಪಿರಬಹುದು. ಆ ಇಬ್ಬರು ಟಿಪ್ಪುವನ್ನು ಕೊಂದರೆಂಬುದಕ್ಕೆ ಸಮಕಾಲೀನ ಆಧಾರವಿಲ್ಲ. ಚುನಾವಣೆಯ ಕಾಲಕ್ಕೆ ಹುಟ್ಟಿದ ಹೆಸರನ್ನು ಇತಿಹಾಸವೆಂದು ಹೇಳುವ ಮಾರ್ಗದರ್ಶಿಯನ್ನು ನಂಬಬೇಡಿ. ಅಂತೆಯೇ ಟಿಪ್ಪುವಿನಲ್ಲಿ ಒಂದು ಕುಂದನ್ನೂ ಕಾಣದೆ, ಕೊಡಗಿನವರ, ಮಂಗಳೂರಿನ ಕ್ರೈಸ್ತರ ಸೆರೆಯ ಮಾತು ಬಂದಾಗ ವಿಷಯ ಬದಲಾಯಿಸುವವರನ್ನೂ ನಂಬಬೇಡಿ. ‘ಇದನ್ನು ಇಂಥವರು ಬರೆದಿದ್ದಾರೆ, ಅವರು ಇಂಥ ಪಕ್ಷದವರು’ ಎಂದು ಬಿಡಿಸಿ ಹೇಳುವವರು ಸಿಕ್ಕರೆ ಕೇಳಿದಷ್ಟು ಹಣ ಕೊಡಿ, ಚೌಕಾಸಿ ಮಾಡಬೇಡಿ.

ಮೂರನೆಯದು ನನ್ನ ಮೆಚ್ಚಿನದು: ‘ಸುಲ್ತಾನಪೇಟೆಯ ತೋಪು ಎಲ್ಲಿತ್ತು?’ ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ವೆಲಿಂಗ್ಟನ್ ಎಂದು ಲೋಕಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿ 1799ರ ಏಪ್ರಿಲ್ 5ರ ರಾತ್ರಿ ಈ ತೋಪಿನಲ್ಲಿ ದಾರಿತಪ್ಪಿ, ರಾಕೆಟ್ಟು, ಗುಂಡುಗಳ ನಡುವೆ ಸಿಕ್ಕಿ, ಸೋತು ಹಿಂದಿರುಗಿದ. ಆತನನ್ನು ಕೆಡಹಿದ್ದರಲ್ಲಿ ಮೈಸೂರಿನ ಸೈನಿಕರಷ್ಟೇ ಪಾಲು ತೋಟದ ನೀರುಗಾಲುವೆಗಳದು. ಕತ್ತಲೆಯಲ್ಲಿ ಅಡಿಗಡಿಗೂ ಕಾಲುವೆ, ಏರಿ, ಒತ್ತಾದ ಮರಗಳು. ಮರುದಿನ ಹಗಲು ಬೆಳಕಿನಲ್ಲಿ ಹೋಗಿ ಅದನ್ನು ಹಿಡಿದರೆನ್ನಿ. ಅಡಕೆ ತೋಟದ ಕಪ್ಪುಗಳಲ್ಲಿ ರಾತ್ರಿ ಬ್ಯಾಟರಿಯಿಲ್ಲದೆ ಓಡಾಡಿದ ನಮ್ಮವರಿಗೆ ಈ ಸೋಲು ಚೆನ್ನಾಗಿ ಅರ್ಥವಾಗುತ್ತದೆ! ಈ ಪ್ರಶ್ನೆಗೆ ಮಾರ್ಗದರ್ಶಿ ತಡವರಿಸಿದರೂ ಚಿಂತೆಯಿಲ್ಲ, ‘ಕೇಳಿ ತಿಳಿದು ಹೇಳುತ್ತೇನೆ’ ಎಂದರೆ ಆರಿಸಿಕೊಳ್ಳಿ.

ರಾಕೆಟ್ಟಿನ ಪ್ರಸ್ತಾಪ ಬಂತು. ಹೊಸನಗರ ತಾಲೂಕಿನ ನಗರದಲ್ಲಿ, ಹಳೆಯ ಬಿದನೂರಿನಲ್ಲಿ, 2018ರಲ್ಲಿ ಒಂದು ಹಾಳುಬಾವಿಯಿಂದ ಸಾವಿರಕ್ಕೂ ಮಿಕ್ಕ ಕಬ್ಬಿಣದ ರಾಕೆಟ್ಟುಗಳು ಹೊರಬಂದವು. ಶ್ರೀರಂಗಪಟ್ಟಣಕ್ಕೆ ಹೊರಡುವ ಶಿವಮೊಗ್ಗ ಸೀಮೆಯ ವಿದ್ಯಾರ್ಥಿಗಳು ಮೊದಲು ನಗರದ ಕೋಟೆಯನ್ನು ನೋಡಿ ಹೊರಡುವುದು ಒಳ್ಳೆಯದು. ಯುದ್ಧ ಬಯಲಿನ ರಾಜಧಾನಿಯಲ್ಲಿ ಮಾತ್ರ ನಡೆದದ್ದಲ್ಲ. 1783ರಲ್ಲಿ ಇಂಗ್ಲಿಷರು ಬಿದನೂರನ್ನು ಹಿಡಿದು, ಅದೇ ವರ್ಷ ಕಳೆದುಕೊಂಡರು. 1799ರ ಮಾರ್ಚ್ 6ರಂದು ಮುಂಬಯಿ ಸೈನ್ಯದೊಡನೆ ಮೊದಲ ಕಾಳಗ ನಡೆದದ್ದು ಪಿರಿಯಾಪಟ್ಟಣದಾಚೆ, ಕೊಡಗಿನಂಚಿನ ಸಿದ್ಧೇಶ್ವರ ಬೆಟ್ಟದಲ್ಲಿ. ಇನ್ನೊಂದು ಸಂಗತಿ ಎಷ್ಟು ಜನಕ್ಕೆ ಗೊತ್ತೋ: ಶ್ರೀರಂಗಪಟ್ಟಣದ ಲಾಲ್ ಮಹಲ್ ಅರಮನೆಯನ್ನು ಕೆಡವಿದಾಗ ಬಂದ ತೇಗದ ತೊಲೆಗಳನ್ನು ನೀಲಗಿರಿಗೆ ಸಾಗಿಸಿ, ಊಟಿಯ ಸಂತ ಸ್ಟೀಫನ್ನನ ಚರ್ಚಿಗೆ ಬಳಸಿದರು. ಕಾಡಿನಿಂದ ಬಯಲಿಗಿಳಿದ ಮರ ಮತ್ತೆ ಬೆಟ್ಟ ಹತ್ತಿತು, ಬೇರೊಬ್ಬ ಒಡೆಯನ ಸೂರಿಗಾಗಿ.

ಇನ್ನು ಹೋಗುವ ಬಗೆ. ತಾಳಗುಪ್ಪ, ಶಿವಮೊಗ್ಗ, ಅರಸೀಕೆರೆ, ಹಾಸನಗಳ ಮೇಲೆ ಮೈಸೂರಿಗೆ ನೇರ ರೈಲಿದೆ. ಈ ಹಳಿ ಕೃಷ್ಣರಾಜನಗರದ ಕಡೆಯಿಂದ ಮೈಸೂರು ಸೇರುವುದರಿಂದ ಶ್ರೀರಂಗಪಟ್ಟಣ ದಾರಿಯಲ್ಲಿ ಸಿಗುವುದಿಲ್ಲ; ಮೈಸೂರಿನಲ್ಲಿ ಇಳಿದು ಬೆಂಗಳೂರಿನ ಕಡೆಯ ಪ್ಯಾಸೆಂಜರ್ ರೈಲನ್ನೋ ಬಸ್ಸನ್ನೋ ಹಿಡಿಯಬೇಕು. ದೂರ ಹದಿನೈದು ಕಿಲೋಮೀಟರ್ ಆಸುಪಾಸು. ವೇಗದ ರೈಲುಗಳೆಲ್ಲ ಅಲ್ಲಿ ನಿಲ್ಲುವುದಿಲ್ಲವಾದ್ದರಿಂದ ಹೊರಡುವ ಮುನ್ನ ನಿಲ್ದಾಣದಲ್ಲಿ ವಿಚಾರಿಸಿಕೊಳ್ಳಿ. ಮಹಿಳಾ ಸಂಘದವರಿಗೆ 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿನ ಖರ್ಚೇ ಇಲ್ಲ. ಗುರುತಿನ ಚೀಟಿ ಮರೆಯದಿದ್ದರಾಯಿತು. ಟೆಂಪೊ ಟ್ರಾವೆಲರ್‌ಗೆ ಕೊಡುತ್ತಿದ್ದ ಬಾಡಿಗೆಯ ಒಂದು ಅಂಶದಲ್ಲಿ ಇಡೀ ದಿನಕ್ಕೆ ಒಳ್ಳೆಯ ಮಾರ್ಗದರ್ಶಿಯೊಬ್ಬರನ್ನು ಇಟ್ಟುಕೊಳ್ಳಬಹುದು ಎಂಬುದು ನನ್ನ ಲೆಕ್ಕ.

ಶ್ರೀರಂಗಪಟ್ಟಣದ ರೈಲು ನಿಲ್ದಾಣ ಕೋಟೆಯ ಒಳಗೇ ಇದೆ. ಇಳಿದರೆ ಸಾಕು, ರಣಭೂಮಿ. ರೈಲೂ ಇಲ್ಲಿ ನಿರ್ದೋಷಿಯಲ್ಲ, ಕೋಟೆಯನ್ನು ಸೀಳಿಕೊಂಡೇ ಹಳಿ ಹಾಯ್ದಿದೆ. ಆದರೆ ಜೋಡಿಹಳಿ ಹಾಕುವಾಗ ಅಡ್ಡಬಂದ ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನು ಕೆಡವದೆ, ಸಾವಿರ ಟನ್ನಿನಷ್ಟು ತೂಕದ ಆ ಕಟ್ಟಡವನ್ನು ಇಡಿಯಾಗಿ ಎತ್ತಿ 2017ರಲ್ಲಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿಟ್ಟರು. ಅಭಿವೃದ್ಧಿಗಾಗಿ ಹಳೆಯದನ್ನು ಉರುಳಿಸುವುದು ಅನಿವಾರ್ಯವೆಂದು ವಾದಿಸುವ ಎಂಜಿನಿಯರುಗಳಿಗೆ ಈ ಮದ್ದಿನ ಮನೆಯನ್ನು ತೋರಿಸಬೇಕು.

ನಿಲ್ದಾಣದಿಂದ ರಂಗನಾಥನ ಗುಡಿ, ಅಲ್ಲಿಂದ ಪಡುವಣದ ಸ್ಮಾರಕಸ್ತಂಭ, ನದಿಯ ಬದಿಯ ಗೋಡೆಯನ್ನು ಹಿಡಿದು ಬೇಲಿಯ ಸೆರೆಮನೆ, ಜಲದ್ವಾರ, ಟಿಪ್ಪುವಿನ ದೇಹ ಸಿಕ್ಕ ಜಾಗ, ಕೊನೆಗೆ ಜೋಡಿಮಿನಾರಿನ ಮಸೀದಿ. ಇಷ್ಟನ್ನು ಬೆಳಗಿನ ತಂಪಿನಲ್ಲಿ ನಿಧಾನವಾಗಿ ನಡೆದು ಮುಗಿಸಬಹುದು. ಊಟದ ನಂತರ ದರಿಯಾ ದೌಲತ್. 1784ರ ಆ ಕಟ್ಟಡದ ಪಡುವಣ ಗೋಡೆಯ ಮೇಲೆ ಪೊಳ್ಳಿಲೂರು ಕಾಳಗದ ಚಿತ್ರವಿದೆ. ಗೆದ್ದ ಮೈಸೂರಿನವರು ಬರೆಸಿದ್ದು, ಮುಂದೆ ಸೋಲಿಸಿದವರೇ ದುರಸ್ತಿ ಮಾಡಿಸಿದ್ದು. ಗಂಜಾಮಿನ ಗುಂಬಜ್, ಸಂಗಮಗಳಿಗೆ ವಯಸ್ಸಾದವರಿದ್ದರೆ ಆಟೊ ಮಾಡಿ. ಕಾರು ಬೇಡವೆಂದರೆ ಅಜ್ಜಿಯನ್ನು ಬಿಸಿಲಲ್ಲಿ ನಡೆಸಿ ಎಂದು ಅರ್ಥವಲ್ಲ. ಸ್ಥಳೀಯ ಆಟೊದವರಿಗೆ ಕೊಟ್ಟ ಹಣ ಆ ಊರಿನಲ್ಲಿಯೇ ಉಳಿಯುತ್ತದೆ. ನದಿಗೆ ಮಾತ್ರ ಯಾರೂ ಇಳಿಯಬೇಡಿ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಬಂಡೆಗಳ ಮೇಲಿದ್ದವರಿಗೆ ಹೊರಬರುವಷ್ಟು ಸಮಯ ಸಿಗದು.

ಎರಡನೆಯ ದಿನ ಮಳವಳ್ಳಿ, ಮದ್ದೂರು. ಇಲ್ಲಿ ಚೀಟಿ ಹಿಡಿದ ಮಾರ್ಗದರ್ಶಿಗಳು ನಿಮಗಾಗಿ ಕಾದಿರುವುದಿಲ್ಲ. ಮಳವಳ್ಳಿಯ ಪಡುವಣ ದಿಬ್ಬಗಳತ್ತ ನಡೆದುಹೋಗಿ ಹಿಪ್ಪುನೇರಳೆ ಕೊಯ್ಯುತ್ತಿರುವ ರೈತರನ್ನು ಮಾತಾಡಿಸಿ. ಸಾಧ್ಯವಾದರೆ ಸ್ಥಳೀಯ ಕಾಲೇಜಿನ ಇತಿಹಾಸದ ಅಧ್ಯಾಪಕರೊಬ್ಬರಿಗೆ ಮುಂಚಿತವಾಗಿ ಪತ್ರ ಬರೆಯಿರಿ. ಬರೆದರೆ ಒಲ್ಲೆನೆನ್ನುವವರನ್ನು ನಾನು ಕಂಡಿಲ್ಲ. ಮದ್ದೂರಿನ ಕೋಟೆಯನ್ನು 1791ರಲ್ಲೇ ಕೆಡವಲಾಯಿತು, ನೋಡಲು ಏನೂ ಇಲ್ಲ ಎನ್ನುತ್ತಾರೆ. ಆದರೆ ಅದೇ ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಆಯುಧ ಹಿಡಿಯದವರು ನಿಂತ ಆ ಜಾಗದ ಸತ್ಯಾಗ್ರಹ ಸೌಧವನ್ನು ನೋಡದೆ ಯುದ್ಧಭೂಮಿಗಳ ಪ್ರವಾಸ ಮುಗಿಸಬಾರದೆಂಬುದು ನನ್ನ ಹಟ. ರೈಲು ಬರುವವರೆಗೆ ಮದ್ದೂರು ವಡೆ ತಿನ್ನಲು ಸಮಯವಂತೂ ಸಿಕ್ಕೇ ಸಿಗುತ್ತದೆ.

‘ದಶಪಥ ಹೆದ್ದಾರಿ ಆಗಿದೆಯಲ್ಲ, ಇನ್ನೂ ಯಾಕೆ ಈ ಪಾಡು?’ ಎಂದು ಕೇಳುವವರಿದ್ದಾರೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಆ ರಸ್ತೆಯ ಮುಖ್ಯ ಪಥಗಳಲ್ಲಿ ಅದೇ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಭೂಮಿ ಕೊಟ್ಟ ರೈತನ ಟ್ರ್ಯಾಕ್ಟರ್ ಅವನ ಹೊಲವಿದ್ದ ಜಾಗದ ಮೇಲೆ ಹೋಗುವಂತಿಲ್ಲ. ಮದ್ದೂರು, ಮಂಡ್ಯಗಳ ಹಳೆಯ ರಸ್ತೆಯ ಹೋಟೆಲು, ಎಳನೀರು, ಬೆಲ್ಲದ ಅಂಗಡಿಗಳನ್ನು ಕಾರುಗಳು ಹೊರಗಿನಿಂದಲೇ ಹಾಯ್ದುಹೋಗುತ್ತವೆ. ಶ್ರೀರಂಗಪಟ್ಟಣ ದ್ವೀಪದ ಸ್ಮಾರಕಗಳು 2014ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಮುಂದೊಂದು ದಿನ ವಿಶ್ವಪರಂಪರೆಯ ಪಟ್ಟ ದೊರೆತರೆ ಬರುವವರ ಸಂಖ್ಯೆ ಬೆಳೆಯುತ್ತದೆ. ಐದು ಕಿಲೋಮೀಟರ್ ಉದ್ದದ ಆ ದ್ವೀಪದಲ್ಲಿ ಅಷ್ಟು ಕಾರುಗಳನ್ನು ಎಲ್ಲಿ ನಿಲ್ಲಿಸುತ್ತಾರೆ? ಕಂದಕ ಮುಚ್ಚಿಯೋ, ಬಂಗಾರದೊಡ್ಡಿ ನಾಲೆಯ ಗದ್ದೆಗಳನ್ನು ತುಂಬಿಯೋ? ಕಂಠೀರವ ನರಸರಾಜ ಒಡೆಯರ ಕಾಲದಿಂದ ನದಿಯ ಮೇಲೆ ಹಾದು ದ್ವೀಪಕ್ಕೆ ನೀರುಣಿಸುತ್ತ, ಮುತ್ತಿಗೆಗಳನ್ನೂ ಕಂಡ ಕಾಲುವೆಯದು. ಬೆಲ್ಜಿಯಮ್ಮಿನ ಈಪರ್ ಪಟ್ಟಣದ ಸುತ್ತ ಮೊದಲ ಮಹಾಯುದ್ಧದ ಸಮಾಧಿಗಳನ್ನು ನೋಡಬಂದವರು ಸೈಕಲ್ಲಿನ ಮೇಲೆ ಹೊಲಗಳ ನಡುವೆ ಸುತ್ತುತ್ತಾರೆ. ಅದಕ್ಕೆಂದೇ ಗುರುತು ಹಾಕಿದ ದಾರಿಗಳಿವೆ. ಶ್ರೀರಂಗಪಟ್ಟಣದ ನೆಲವೂ ಸೈಕಲ್ಲಿಗೆ ಹೇಳಿಮಾಡಿಸಿದ ಸಮತಟ್ಟು. ನಿಲ್ದಾಣದ ಎದುರಿಗೆ ಬಾಡಿಗೆ ಸೈಕಲ್ಲಿನ ವ್ಯವಸ್ಥೆ, ಮಳವಳ್ಳಿಯ ದಿಬ್ಬದ ಮೇಲೆ ಕನ್ನಡದಲ್ಲಿ ನಾಲ್ಕು ಸಾಲಿನ ಫಲಕ, ಸೋಸಲೆಯ ಹೊಳೆದಂಡೆಯಲ್ಲಿ ಇ‌ನ್ನೊಂದು. ಇದಕ್ಕೆ ಕೋಟಿಗಳ ಯೋಜನೆ ಬೇಡ. ಮಂಡ್ಯ ಜಿಲ್ಲಾಡಳಿತಕ್ಕೂ ಪುರಾತತ್ವ ಇಲಾಖೆಗೂ ಕಳುಹಿಸಲು ಮನವಿಯೊಂದನ್ನು ಸಿದ್ಧಪಡಿಸಿದ್ದೇನೆ.

ಹೊರಡುವವರು ಬೇಸಗೆಯಲ್ಲೊಮ್ಮೆ, ನದಿ ಬತ್ತಿ ಬಂಡೆಗಳು ಕಾಣುವಾಗ ಹೋಗಿ. ಸಾಧ್ಯವಾದವರು ಶ್ರಾವಣದಲ್ಲಿ, ಘಟ್ಟದಲ್ಲಿ ಮಳೆ ಹಿಡಿದು ಕನ್ನಂಬಾಡಿಯಿಂದ ನೀರು ಬಿಟ್ಟಾಗ ಮತ್ತೊಮ್ಮೆ ಹೋಗಿ ಅದೇ ಸ್ಮಾರಕಸ್ತಂಭದ ಬುಡದಲ್ಲಿ ನಿಲ್ಲಿ. ಮನವಿಗೆ ಸಹಿ ಹಾಕುವವರು ತಮ್ಮ ಊರಿನ ಸಂಘದ ಸಭೆಯಲ್ಲಿ ಹೆಸರು ಕೊಡಬಹುದು.